ಯಾವ ಹೆಗಡೆ? ಯಾವ ನಾಯಕ?

(ಶಿರಸಿಯಲ್ಲಿ ಹೈಸ್ಕೂಲು ಶಿಕ್ಷಕರು ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿದ್ದ ಒಂದು ಸಂಜೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಮೂವತ್ತು ಚಿಲ್ಲರೆ ವರ್ಷ ದಿನಾ ಬೆಳಿಗ್ಗೆ ಹಾಜರಿ ಕೂಗಿದವಳು. ಶಿರಸಿಯ ಕಡೆ ಶುರು ಮಾಡಿದೆ, ಆಮೇಲೆ ಅಂಕೋಲೆಗೆ ವರ್ಗವಾಯಿತು, ಕೊನೆಗೆ ಕಾರವಾರದಲ್ಲಿ ನಿವೃತ್ತಿ. ಘಟ್ಟ ಇಳಿದು ಕಡಲ ಕಡೆ ಹೋದ ಹಾಗೆ ಹಾಜರಿ ಪುಸ್ತಕದ ಹೆಸರುಗಳೂ ಬದಲಾದವು. ಮಕ್ಕಳ ಹೆಸರು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಗಣಪತಿ, ಮಂಜುನಾಥ, ಸವಿತಾ, ನಾಗರತ್ನ. ಬದಲಾದದ್ದು ಕೊನೆಯ ಹೆಸರು, ನಾವು ಅಡ್ಡಹೆಸರು ಅನ್ನುತ್ತೇವಲ್ಲ, ಅದು. ಶಿರಸಿಯಲ್ಲಿ ಹೆಗಡೆ, ಭಟ್ಟ, ಗೌಡ, ನಾಯ್ಕ. ಅಂಕೋಲೆಯಲ್ಲಿ ನಾಯಕ, ನಾಯ್ಕ, ಗೌಡ, ಹರಿಕಂತ್ರ, ಆಗೇರ. ಕಾರವಾರಕ್ಕೆ ಹೋದರೆ ವೆರ್ಣೇಕರ, ಅಸ್ನೋಟಿಕರ, ಮಾಜಾಳೀಕರ. ಇವತ್ತು ಆ ಕೊನೆಯ ಹೆಸರಿನ ಬಗ್ಗೆಯೇ ಮಾತಾಡಬೇಕು ಅಂತ ಬಂದಿದ್ದೇನೆ.

ಮೊದಲು ಹೆಗಡೆಯವರು. ನಾನು ಹುಟ್ಟಿದ್ದೂ ಹೆಗಡೆಯವರ ಮನೆಯಲ್ಲೇ.

1984ರಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಕೊಟ್ಟ ಎಂಟನೇ ಕ್ಲಾಸಿನಲ್ಲಿ 43 ಮಕ್ಕಳಿದ್ದರು. ಅವರಲ್ಲಿ 14 ಜನ ಹೆಗಡೆ. ಹದಿನಾಲ್ಕರಲ್ಲಿ ಮೂವರು ಗಣಪತಿ ಹೆಗಡೆ. ಆ ಮೂವರಲ್ಲಿ ಇಬ್ಬರ ಅಪ್ಪನ ಹೆಸರು ಸುಬ್ರಾಯ. ಅಂದರೆ ಗಣಪತಿ ಸುಬ್ರಾಯ ಹೆಗಡೆ ಇಬ್ಬರು, ಒಂದೇ ಬೆಂಚಿನ ಮೇಲೆ. ಆ ವರ್ಷ ಒಬ್ಬನ ವಿದ್ಯಾರ್ಥಿವೇತನ ಇನ್ನೊಬ್ಬನ ಮನೆಗೆ ಹೋಯಿತು. ಹಣ ಬಂದವರು ಒಳ್ಳೆಯವರು, ಮಾರನೇ ದಿನವೇ ಅದನ್ನು ಕೈಯಲ್ಲಿ ಹಿಡಿದುಕೊಂಡು ಶಾಲೆಗೆ ಬಂದರು. ಬರಬೇಕಾದ ಹುಡುಗನ ಮನೆಯಲ್ಲಿ ಮಾತ್ರ ಆ ಒಂದು ದಿನ ತುಂಬಾ ಉದ್ದವಾಗಿತ್ತು. ಅಲ್ಲಿ ಆಯಿಗೆ ಹುಷಾರಿರಲಿಲ್ಲ, ಔಷಧಿಗೆ ಆ ದುಡ್ಡನ್ನೇ ನಂಬಿಕೊಂಡಿದ್ದರು.

ಆವತ್ತೇ ನಾನು ಪೆನ್ಸಿಲ್ ತೆಗೆದು ಪ್ರತಿ ಹೆಗಡೆಯ ಹೆಸರಿನ ಮುಂದೆ ಊರು ಬರೆದುಕೊಂಡೆ. ಒಂದೇ ಊರಿನವರಾದರೆ ಮನೆ ಬರೆದುಕೊಂಡೆ. ಮೇಲಿನಮನೆ, ಕೆಳಗಿನಮನೆ, ಹೊಸಮನೆ. ಆಮೇಲೆ ಹೊಳೆಯಿತು, ಇದು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವುದು ಇದನ್ನೇ. ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಕೇಳುವುದು ಹೆಸರನ್ನಲ್ಲ, ‘ಯಾವೂರಾತು ತಂಗಿ?’ ಅಂತ. ಹೆಗಡೆ ಅಂದರೆ ಇಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಊರು ಹೇಳಿದರೆ ಅಜ್ಜ, ಅಜ್ಜನ ಅಣ್ಣ, ತೋಟ, ಕೆರೆ, ಹಳೆಯ ಜಗಳ, ಎಲ್ಲ ಗೊತ್ತಾಗುತ್ತದೆ.

ಆಗ ನಮ್ಮ ಮುಖ್ಯಮಂತ್ರಿಗಳೂ ಹೆಗಡೆಯವರೇ. ರಾಮಕೃಷ್ಣ ಹೆಗಡೆಯವರು 1983ರಿಂದ 1988ರವರೆಗೆ ಮುಖ್ಯಮಂತ್ರಿ ಆಗಿದ್ದರು. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ. ಕ್ಲಾಸಿನಲ್ಲಿ ಒಬ್ಬ ಹುಡುಗ ಕೈ ಎತ್ತಿ ಕೇಳಿದ, ‘ಅಕ್ಕೋರೇ, ಅವರು ಯಾವ ಹೆಗಡೇರು?’ ನಾನು ಬಾಯಿ ತೆಗೆಯುವ ಮೊದಲೇ ಹಿಂದಿನ ಬೆಂಚಿನಿಂದ ಉತ್ತರ ಬಂತು, ‘ದೊಡ್ಮನೆ ಹೆಗಡೇರು’. ಸಿದ್ದಾಪುರ ತಾಲೂಕಿನ ದೊಡ್ಮನೆ ಅವರ ಊರು. ಬೆಂಗಳೂರಿಗೆ ಅವರು ಮುಖ್ಯಮಂತ್ರಿ ಹೆಗಡೆ, ದೆಹಲಿಗೆ ಮಿಸ್ಟರ್ ಹೆಗಡೆ. ನಮಗೆ ದೊಡ್ಮನೆ.

ಯಕ್ಷಗಾನ ನೋಡುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಹೊನ್ನಾವರ ತಾಲೂಕಿನಲ್ಲಿ ಕೆರೆಮನೆ ಅಂತ ಒಂದು ಮನೆತನ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ಅದನ್ನು ದೂರದೂರದ ದೇಶಗಳಿಗೆ ಒಯ್ದರು. 2009ರಲ್ಲಿ ಇಡಗುಂಜಿಯಲ್ಲಿ ವೇಷ ಕಟ್ಟಿದ ರಾತ್ರಿಯೇ ತೀರಿಕೊಂಡರು. ಅದೇ ತಾಲೂಕಿನ ಇನ್ನೊಬ್ಬ ದೊಡ್ಡ ಕಲಾವಿದರು ಚಿಟ್ಟಾಣಿ ರಾಮಚಂದ್ರ ಹೆಗಡೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕುಣಿತದ ರೀತಿಯೇ ಬೇರೆ, ಅಭಿಮಾನಿಗಳೂ ಬೇರೆ. ಆದರೆ ‘ಇವತ್ತು ಹೆಗಡೆಯವರ ಭಸ್ಮಾಸುರ’ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ‘ಇವತ್ತು ಚಿಟ್ಟಾಣಿ’ ಅನ್ನುತ್ತಾರೆ, ‘ನಾಳೆ ಕೆರೆಮನೆ ಮೇಳ’ ಅನ್ನುತ್ತಾರೆ. ಹೆಗಡೆ ಅನ್ನುವುದು ಹ್ಯಾಂಡ್‌ಬಿಲ್ಲಿನಲ್ಲಿ ಮಾತ್ರ. ಊರೇ ಅಡ್ಡಹೆಸರು ಆಗಿಬಿಟ್ಟಿದೆ.

ಹಾಗಾದರೆ ಈ ಹೆಗಡೆ ಅನ್ನುವ ಮಾತು ಎಲ್ಲಿಂದ ಬಂತು?

ಹಳೆಯ ಕನ್ನಡ ಶಾಸನಗಳಲ್ಲಿ ಇದು ‘ಪೆರ್ಗಡೆ’. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಹಾಗೆಯೇ ಪೆರ್ಗಡೆ ಹೆಗ್ಗಡೆಯಾಯಿತು, ಆಮೇಲೆ ನಾಲಿಗೆಯ ಮೇಲೆ ಸವೆದು ಹೆಗಡೆ. ಮುಂದಿರುವ ‘ಪೆರ್’ ಅಂದರೆ ಹಿರಿದು, ದೊಡ್ಡದು. ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು, ಹೆಬ್ಬೆರಳು, ಇವುಗಳಲ್ಲಿ ಇರುವುದೂ ಅದೇ. ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಅವರ ಮುಖ ಅರಳುವುದನ್ನು ನೋಡಬೇಕು. ತನ್ನ ಹೆಸರಿಗೂ ಹೆಬ್ಬೆರಳಿಗೂ ನಂಟು ಇದೆ ಅಂತ ಗೊತ್ತಾದ ಹುಡುಗ ದಿನವಿಡೀ ಹೆಬ್ಬೆರಳು ನೋಡಿಕೊಳ್ಳುತ್ತಿದ್ದ.

ಪೆರ್ಗಡೆ ಅಂದರೆ ಜಾತಿ ಅಲ್ಲ. ಕೆಲಸ. ಹುದ್ದೆ. ಸುಂಕ ನೋಡಿಕೊಳ್ಳುವವನು ಸುಂಕದ ಹೆಗ್ಗಡೆ. ಅರಮನೆಯ ಆಡಳಿತ ನೋಡಿಕೊಳ್ಳುವವನು ಮನೆವೆರ್ಗಡೆ. ಈಗ ನಾವು ತಹಶೀಲ್ದಾರರು, ಮ್ಯಾನೇಜರು ಅನ್ನುವ ಹಾಗೆ. ಆ ಕೆಲಸಕ್ಕೆ ಯಾರನ್ನು ನೇಮಿಸಿದರೋ ಅವರು ಹೆಗ್ಗಡೆ. ಅವರು ಯಾವ ಜಾತಿ, ಯಾವ ದೇವರಿಗೆ ಕೈಮುಗಿಯುತ್ತಾರೆ ಅನ್ನುವುದು ಆ ಮಾತಿನ ಒಳಗೆ ಇಲ್ಲವೇ ಇಲ್ಲ. ನಾನು ಇವತ್ತು ಹೇಳಬೇಕು ಅಂತ ಬಂದದ್ದು ಮುಖ್ಯವಾಗಿ ಇದನ್ನೇ. ಹೆಸರು ಕೇಳಿದ ತಕ್ಷಣ ಜಾತಿ ಗೊತ್ತಾಯಿತು ಅಂತ ನಾವು ಅಂದುಕೊಳ್ಳುತ್ತೇವಲ್ಲ, ಆ ಅಭ್ಯಾಸ ನಮ್ಮ ಹೆಸರುಗಳಿಗೆ ಅನ್ಯಾಯ ಮಾಡುತ್ತದೆ.

ನೋಡಿ, ನಮ್ಮ ಘಟ್ಟದ ಮೇಲೆ ಹೆಗಡೆ ಅಂದರೆ ಹವ್ಯಕ ಬ್ರಾಹ್ಮಣರು ಅಂತ ಎಲ್ಲರ ಅಂದಾಜು. ಉಡುಪಿ, ಕಾರ್ಕಳದ ಕಡೆ ಹೋಗಿ. ಅಲ್ಲಿ ಹೆಗ್ಡೆ ಅಂದರೆ ಜಾಸ್ತಿ ಬಂಟರು. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಬಂಟರು. 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರನ್ನೂ ಇನ್ನಿಬ್ಬರು ಹಿರಿಯ ನ್ಯಾಯಮೂರ್ತಿಗಳನ್ನೂ ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಹೆಗ್ಡೆಯವರು ಆಮೇಲೆ ಲೋಕಸಭೆಯ ಸ್ಪೀಕರ್ ಆದರು. ಮಂಗಳೂರಿನ ಹತ್ತಿರ ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗೆ ಅವರ ಹೆಸರೇ ಇದೆ. ಅವರ ಮಗ ಸಂತೋಷ್ ಹೆಗ್ಡೆಯವರು 2006ರಿಂದ 2011ರವರೆಗೆ ಲೋಕಾಯುಕ್ತರು. ಅಕ್ರಮ ಗಣಿಗಾರಿಕೆಯ ಮೇಲೆ ಅವರ ವರದಿ ಬಂದದ್ದು 2011ರಲ್ಲಿ. ಅಕ್ರಮ ಅದಿರು ಹೊರಗೆ ಹೋದ ನಮ್ಮ ಅಂಕೋಲೆಯ ಬೇಲೆಕೇರಿ ಬಂದರಿನ ಹೆಸರು ಇಡೀ ರಾಜ್ಯದ ಬಾಯಲ್ಲಿ ಬಂದದ್ದು ಆ ದಿನಗಳಲ್ಲೇ.

ಧರ್ಮಸ್ಥಳಕ್ಕೆ ಹೋಗಿ. ಅಲ್ಲಿನ ಹೆಗ್ಗಡೆಯವರು ಜೈನರು. ದೇವರು ಮಂಜುನಾಥ, ಅಂದರೆ ಶಿವ. ಪೂಜೆ ಮಾಡುವವರು ವೈಷ್ಣವರು. ಅಲ್ಲಿ ಹೆಗ್ಗಡೆ ಅನ್ನುವುದು ಈಗಲೂ ಹುದ್ದೆಯ ಹೆಸರು. ವೀರೇಂದ್ರ ಹೆಗ್ಗಡೆಯವರು 1968ರಲ್ಲಿ ಆ ಪಟ್ಟಕ್ಕೆ ಬಂದರು. ಕ್ಷೇತ್ರದ ಕತೆಯಲ್ಲಿ ಬರುವ ಮೊದಲ ಯಜಮಾನನ ಹೆಸರು ಬಿರ್ಮಣ್ಣ ಪೆರ್ಗಡೆ, ಹೆಂಡತಿ ಅಮ್ಮು ಬಲ್ಲಾಳ್ತಿ. ಗಮನಿಸಿ, ಪೆರ್ಗಡೆ! ಶಾಸನದಲ್ಲಿ ಇರುವ ಮಾತು ಅಲ್ಲಿ ಇನ್ನೂ ಜನರ ಬಾಯಲ್ಲಿ ಬದುಕಿದೆ.

ಹೆಗಡೆ ಮನುಷ್ಯರಿಗಷ್ಟೇ ಅಲ್ಲ, ಊರಿಗೂ ಇದೆ. ಕುಮಟಾದ ಪಕ್ಕದಲ್ಲೇ ಹೆಗಡೆ ಅಂತ ದೊಡ್ಡ ಊರು. ಶಿರಸಿ ತಾಲೂಕಿನಲ್ಲಿ ಹೆಗಡೆಕಟ್ಟಾ. ಮೈಸೂರಿನ ಆಚೆ ಹೆಗ್ಗಡದೇವನಕೋಟೆ. ನನ್ನ ಗಂಡನ ಮನೆ ಕುಮಟಾ ಕಡೆ. ಮದುವೆಯಾದ ಹೊಸತರಲ್ಲಿ ಅತ್ತೆ ‘ಹೆಗಡೆಗೆ ಹೋಗಿ ಬರ್ತೆ’ ಅಂದರೆ ನನಗೆ ತವರಿಗೆ ಹೊರಟರೇನೋ ಅನ್ನಿಸುತ್ತಿತ್ತು.

ಇನ್ನೊಂದು ಸಣ್ಣ ವಿಷಯ. ಉತ್ತರ ಕನ್ನಡದ ಹೆಸರು, ದಕ್ಷಿಣ ಕನ್ನಡದ ಹೆಸರು, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. ಮೊದಲು ತನ್ನ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಅದೇ ಕೆ.ಎಸ್. ಹೆಗ್ಡೆ ಅಂದರೆ ಕೌಡೂರು ಸದಾನಂದ ಹೆಗ್ಡೆ. ಊರು ಮುಂದೆ. ಮೊದಲು ಎರಡೂ ಸೇರಿ ಒಂದೇ ಕೆನರಾ ಜಿಲ್ಲೆ, ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟರು. ಮುಂಬಯಿಯ ಕಾಗದಪತ್ರಗಳಲ್ಲಿ ಹೆಸರು ಬರೆಯುವ ಕ್ರಮ ಬೇರೆ, ಮದ್ರಾಸಿನದು ಬೇರೆ. ಗೆರೆ ಎಳೆದವರು ಯಾರೋ. ಅದರ ಗುರುತು ನಮ್ಮ ಮಕ್ಕಳ ಹಾಜರಿಯಲ್ಲಿ ಇವತ್ತಿಗೂ ಕಾಣುತ್ತದೆ.

ಈಗ ಅಂಕೋಲೆಗೆ ಬರೋಣ.

ಅಂಕೋಲೆಗೆ ಹೋದ ಮೊದಲ ತಿಂಗಳು. ಹೊಸ ಹಾಜರಿ ಪುಸ್ತಕಕ್ಕೆ ಹೆಸರು ಇಳಿಸುತ್ತಿದ್ದೆ. ಮೂರನೇ ದಿನ ಒಬ್ಬರು ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಪಂಚೆ, ಬಿಳಿ ಅಂಗಿ, ಕೈಯಲ್ಲಿ ಛತ್ರಿ. ಮಳೆಗಾಲ. ಒಳಗೆ ಬನ್ನಿ ಅಂದರೂ ಬರಲಿಲ್ಲ. ‘ಅಕ್ಕೋರೇ, ಹುಡುಗನ ಹೆಸರು ಸ್ವಲ್ಪ ತಪ್ಪಾಗಿದೆ’ ಅಂದರು. ಪುಸ್ತಕ ತೆಗೆದು ತೋರಿಸಿದೆ. ಅವರು ಬೆರಳಿಟ್ಟು ತೋರಿಸಿದರು. ನಾನು ‘ನಾಯಕ’ ಅಂತ ಬರೆದಿದ್ದೆ. ‘ನಾವು ನಾಯ್ಕ’ ಅಂದರು. ಯ ಕೆಳಗೆ ಕ ಒತ್ತು. ಅಷ್ಟೇ. ನನಗೆ ಅದು ಕಾಗುಣಿತದ ವಿಷಯ. ಅವರಿಗೆ ಅದು ಮನೆಯ ವಿಷಯ. ಅವರು ಸಿಟ್ಟಿನಿಂದ ಬಂದಿರಲಿಲ್ಲ. ನಾಳೆ ಯಾರಾದರೂ ತಮ್ಮ ಮಗನನ್ನು ನೋಡಿ ‘ಅವನು ತನ್ನದಲ್ಲದ ಹೆಸರು ಹಾಕಿಕೊಂಡಿದ್ದಾನೆ’ ಅಂದರೆ ಅನ್ನುವ ಹೆದರಿಕೆ ಅವರಿಗೆ. ನಾನು ಅಲ್ಲೇ ತಿದ್ದಿದೆ. ಅವರು ತಿದ್ದಿದ್ದನ್ನು ಎರಡು ಸಲ ಓದಿ, ಛತ್ರಿ ಬಿಚ್ಚಿ ಹೋದರು.

ಆ ಒಂದು ಒತ್ತಕ್ಷರದ ಹಿಂದೆ ಎಷ್ಟು ಜನ ಇದ್ದಾರೆ ನೋಡಿ. ಅಂಕೋಲೆಯಲ್ಲಿ ನಾಡವರು ಅನ್ನುವ ಜನಾಂಗದವರು ನಾಯಕ. ನಾಮಧಾರಿಗಳು, ಕೊಮಾರಪಂಥರು ನಾಯ್ಕ. ಕೊಂಕಣಿ ಮಾತಾಡುವ ಸಾರಸ್ವತರಲ್ಲೂ ನಾಯಕ ಇದ್ದಾರೆ. ಬಯಲುಸೀಮೆಗೆ ಹೋದರೆ ಬಂಜಾರರಲ್ಲಿ ನಾಯ್ಕ. ಚಿತ್ರದುರ್ಗದ ಪಾಳೆಯಗಾರ ನಾಯಕರು ಬೇಡರು. ಕೆಳದಿಯ ಶಿವಪ್ಪ ನಾಯಕ ವೀರಶೈವ. ಮೂಲದಲ್ಲಿ ನಾಯಕ ಅಂದರೆ ಮುಂದೆ ನಿಂತು ನಡೆಸುವವನು, ಅಷ್ಟೇ. ನಡೆಸುವವರು ಎಲ್ಲ ಜನರಲ್ಲೂ ಇರುತ್ತಾರೆ, ಅಲ್ವಾ? ಅದಕ್ಕೇ ಹೆಸರು ಎಲ್ಲ ಜನರಲ್ಲೂ ಇದೆ. ನಾಟಕದಲ್ಲಿ ನಾಯಕ, ಕ್ರಿಕೆಟ್ ತಂಡದಲ್ಲಿ ನಾಯಕ. ಸೈನ್ಯದಲ್ಲಿ ನಾಯಕ್, ಲ್ಯಾನ್ಸ್ ನಾಯಕ್ ಅಂತ ಹುದ್ದೆಗಳಿವೆ. 1948ರಲ್ಲಿ ಕಾಶ್ಮೀರದಲ್ಲಿ ಹೋರಾಡಿ ಸತ್ತು ಪರಮವೀರ ಚಕ್ರ ಪಡೆದ ಜದುನಾಥ್ ಸಿಂಗ್ ಸೈನ್ಯದಲ್ಲಿ ನಾಯಕ್ ಆಗಿದ್ದವರು. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ನಾಯಕರೂ ನಾಯ್ಕರೂ ಒಟ್ಟಿಗೆ ಎದೆ ಉಬ್ಬಿಸಿ ಕೂತರು. ಆವತ್ತು ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಅಂಕೋಲೆಯ ಉಪ್ಪಿನ ಸತ್ಯಾಗ್ರಹ ನಿಮಗೆಲ್ಲ ಗೊತ್ತು. 1930ರ ಏಪ್ರಿಲ್ 13ರಂದು ಮುಂದೆ ನಿಂತವರು ಎಂ.ಪಿ. ನಾಡಕರ್ಣಿಯವರು. ನಾಡಕರ್ಣಿ ಅಂದರೇನು? ನಾಡಿನ ಕರಣಿಕ, ಲೆಕ್ಕ ಬರೆಯುವವನು. ಸರಕಾರದ ಲೆಕ್ಕ ಬರೆಯುವ ಕೆಲಸದಿಂದ ಬಂದ ಹೆಸರು ಹೊತ್ತವರು ಆ ಸರಕಾರದ ಕಾನೂನು ಮುರಿಯಲು ಹೊರಟರು. ಮುಂದೆ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರ ತಾಲೂಕಿನ ಎಷ್ಟೋ ಕುಟುಂಬಗಳು ಜಮೀನು ಕಳೆದುಕೊಂಡವು. ನಮ್ಮ ಶಾನಭಾಗರ ಹೆಸರೂ ಹೀಗೆಯೇ. ಹಳಗನ್ನಡದ ಸೇನಬೋವ, ಆಮೇಲೆ ಶಾನುಭೋಗ, ಶಾನಭಾಗ. ಅವರೂ ಲೆಕ್ಕದವರೇ. ಭಂಡಾರಿ ಅಂದರೆ ಭಂಡಾರ ಕಾಯುವವನು. ಹೀಗೆ ಹೇಳುತ್ತಾ ಹೋದರೆ ನಮ್ಮ ಹಾಜರಿ ಪುಸ್ತಕ ಯಾವುದೋ ಹಳೆಯ ಕಚೇರಿಯ ಸಿಬ್ಬಂದಿ ಪಟ್ಟಿಯ ಹಾಗೆ ಕಾಣಲು ಶುರುವಾಗುತ್ತದೆ.

ಅಂಕೋಲೆಯ ಗೌಡರನ್ನು ಬಿಟ್ಟು ಮುಂದೆ ಹೋಗಲಾರೆ. ಹಾಲಕ್ಕಿ ಒಕ್ಕಲಿಗರು ಎಲ್ಲರೂ ಗೌಡ. ಹಾಸನ, ಮಂಡ್ಯದ ಕಡೆ ಗೌಡ ಅಂದರೆ ಜಮೀನು, ಯಜಮಾನಿಕೆ ನೆನಪಾಗುತ್ತದೆ. ಇಲ್ಲಿ ಗೌಡ ಅಂದರೆ ಕೊರಳು ತುಂಬ ಮಣಿಸರ ಹಾಕಿಕೊಂಡು ಸೊಪ್ಪು, ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಬರುವ ಅಮ್ಮಂದಿರು. ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ ಹಾಡಿಗಾಗಿ 2017ರಲ್ಲಿ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡ ಅವರಿಗೆ ಗಿಡ ಬೆಳೆಸಿದ್ದಕ್ಕಾಗಿ 2020ರ ಪದ್ಮಶ್ರೀ. ಒಂದೇ ತಾಲೂಕು, ಒಂದೇ ಅಡ್ಡಹೆಸರು, ಶಾಲೆಗೆ ಹೋಗದ ಇಬ್ಬರು ತಾಯಂದಿರು. ಇಬ್ಬರೂ ಈಗ ಇಲ್ಲ. ತುಳಸಜ್ಜಿ 2024ರ ಡಿಸೆಂಬರಿನಲ್ಲಿ ಹೋದರು, ಸುಕ್ರಜ್ಜಿ ಅದಾಗಿ ಎರಡು ತಿಂಗಳಿಗೆ.

ಇನ್ನು ಕಾರವಾರ. ಇಲ್ಲಿ ಅಡ್ಡಹೆಸರು ಕೆಲಸ ಹೇಳುವುದಿಲ್ಲ, ಊರು ಹೇಳುತ್ತದೆ. ಕೊಂಕಣಿಯಲ್ಲಿ ‘ಕಾರ್’ ಅಂದರೆ ಆ ಊರಿನವನು. ಅಸ್ನೋಟಿಯವನು ಅಸ್ನೋಟಿಕರ, ಮಾಜಾಳಿಯವನು ಮಾಜಾಳೀಕರ. ಈ ಊರುಗಳು ಕಾರವಾರದ ಪಕ್ಕದಲ್ಲೇ ಇವೆ. ಕೆಲವು ಊರು ಮಾತ್ರ ಗೋವೆಯಲ್ಲಿವೆ. 16ನೇ ಶತಮಾನದಲ್ಲಿ ಪೋರ್ಚುಗೀಸರ ಕಾಟ ತಡೆಯಲಾರದೆ ಅಲ್ಲಿಂದ ದಕ್ಷಿಣಕ್ಕೆ ಬಂದ ಕುಟುಂಬಗಳು ಊರು ಬಿಟ್ಟರೂ ಊರಿನ ಹೆಸರು ಬಿಡಲಿಲ್ಲ. ಲತಾ ಮಂಗೇಶ್ಕರ್ ಅವರ ಮನೆಯವರೂ ಹೆಸರು ತೆಗೆದುಕೊಂಡದ್ದು ಗೋವೆಯ ಮಂಗೇಶಿಯಿಂದಲೇ.

ಒಮ್ಮೆ ಹತ್ತನೇ ಕ್ಲಾಸಿನವರನ್ನು ಗೋವೆಗೆ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಮಡಗಾಂವ್ ದಾಟಿ ಪಣಜಿಯ ಕಡೆ ಹೊರಟಿದ್ದೆವು. ಬಸ್ಸಿನಲ್ಲಿ ಅಂತ್ಯಾಕ್ಷರಿ, ಗಲಾಟೆ. ಕಿಟಕಿಯ ಪಕ್ಕ ಕೂತಿದ್ದ ವೆರ್ಣೇಕರ ಅನ್ನುವ ಹುಡುಗಿ ಇದ್ದಕ್ಕಿದ್ದ ಹಾಗೆ ಎದ್ದು ನಿಂತು ‘ಅಕ್ಕೋರೇ!’ ಅಂತ ಕೂಗಿದಳು. ರಸ್ತೆಯ ಪಕ್ಕ ದೊಡ್ಡ ಬೋರ್ಡು, ವೆರ್ಣಾ. ಅವಳ ಅಪ್ಪನ ಚಿನ್ನದ ಕೆಲಸದ ಅಂಗಡಿ ಕಾರವಾರದಲ್ಲಿ. ಮನೆಯಲ್ಲಿ ಯಾರೂ ಆ ಊರು ನೋಡಿದವರಲ್ಲ. ಅದು ಊರು ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಡ್ರೈವರ್‌ಗೆ ಹೇಳಿ ಐದು ನಿಮಿಷ ಬಸ್ಸು ನಿಲ್ಲಿಸಿದೆ. ಅವಳು ಇಳಿದು ಬೋರ್ಡಿನ ಕೆಳಗೆ ನಿಂತಳು. ಏನು ಮಾಡಬೇಕು ಅಂತ ತೋಚಲಿಲ್ಲ ಅವಳಿಗೆ. ಸುಮ್ನೆ ಬೋರ್ಡಿನ ಕಂಬ ಮುಟ್ಟಿದಳು. ಕೆಳಗಿನ ಕೆಂಪು ಮಣ್ಣು ಸ್ವಲ್ಪ ತೆಗೆದು ಕರ್ಚೀಫಿನಲ್ಲಿ ಕಟ್ಟಿಕೊಂಡಳು. ಅಜ್ಜಿಗೆ ಕೊಡಬೇಕು ಅಂದಳು. ಬಸ್ಸು ಹೊರಟ ಮೇಲೆ ಬಹಳ ಹೊತ್ತು ಯಾರೂ ಹಾಡಲಿಲ್ಲ.

ಕನ್ನಡದಲ್ಲಿ ಬರೆದವರು, ಸಿನಿಮಾ ಮಾಡಿದವರು, ಆಟ ಆಡಿದವರು ಎಷ್ಟೋ ಜನರ ಅಡ್ಡಹೆಸರು ನಮ್ಮ ಕರಾವಳಿಯ ಸಣ್ಣ ಊರುಗಳೇ. ಕಾಯ್ಕಿಣಿ ಭಟ್ಕಳ ತಾಲೂಕಿನ ಊರು. ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರ ಹೆಸರಿನಲ್ಲಿರುವ ಕಾರ್ನಾಡು ಮೂಲ್ಕಿಯ ಹತ್ತಿರ. ಪಡುಕೋಣೆ ಕುಂದಾಪುರದ ಕಡೆ. ಗುರುದತ್ತರೂ ಪಡುಕೋಣೆ, 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಪ್ರಕಾಶರೂ ಪಡುಕೋಣೆ. ಹೊನ್ನಾವರದಲ್ಲಿ ಹುಟ್ಟಿದ ಶಂಕರ್ ನಾಗ್ ಹೆಸರಿನಲ್ಲಿ ನಾಗರಕಟ್ಟೆ ಚಿಕ್ಕದಾಗಿ ನಾಗ್ ಆಯಿತು.

ಕಾರವಾರದ ಕಡಲತೀರಕ್ಕೆ ಸಂಜೆ ಹೋದರೆ ಅಲ್ಲೂ ಎರಡು ಅಡ್ಡಹೆಸರು ಸಿಗುತ್ತವೆ. ತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಇಲ್ಲಿಗೆ ಬಂದು ಉಳಿದಿದ್ದರು. ಟಾಗೋರ್ ಅಂದರೆ ಠಾಕೂರ್, ಒಡೆಯ ಅಂತ ಅರ್ಥ. ಇಂಗ್ಲಿಷರ ಬಾಯಲ್ಲಿ ಅದು ಟಾಗೋರ್ ಆಯಿತು. ಅಲ್ಲೇ ‘ಚಪಲ’ ಅನ್ನುವ ಹಳೆಯ ಯುದ್ಧನೌಕೆಯ ಪಕ್ಕದಲ್ಲಿ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ. ಚೆಂಡಿಯಾದವರು. 1948ರಲ್ಲಿ ಕಾಶ್ಮೀರದಲ್ಲಿ ಗುಂಡಿನ ಮಳೆಯ ನಡುವೆ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರು. ಅವರ ಎದುರು ನಿಂತು ಐಸ್‌ಕ್ರೀಮ್ ತಿನ್ನುವ ಹುಡುಗರಲ್ಲಿ ಎಷ್ಟೋ ಜನ ರಾಣೆಗಳೇ.

ಯಲ್ಲಾಪುರ, ಹಳಿಯಾಳದ ಕಡೆಯ ಮಕ್ಕಳ ಬಗ್ಗೆ ಎರಡು ಮಾತು. ಅಲ್ಲಿ ‘ಸಿದ್ದಿ’ ಅನ್ನುವ ಅಡ್ಡಹೆಸರಿನ ಮಕ್ಕಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಅವರ ಹಿರಿಯರನ್ನು ಆಫ್ರಿಕಾದಿಂದ ತಂದಿದ್ದರು. ಎಷ್ಟೋ ಜನರನ್ನು ಗುಲಾಮರನ್ನಾಗಿ. ಹಿರಿಯರ ಊರಿನ ಹೆಸರು ಯಾವ ಮನೆಯಲ್ಲೂ ಉಳಿದಿಲ್ಲ. ವೆರ್ಣೇಕರಳಿಗೆ ಮುಟ್ಟಲು ಒಂದು ಕಂಬ ಸಿಕ್ಕಿತು. ಈ ಮಕ್ಕಳಿಗೆ ಅದೂ ಇಲ್ಲ. ಆದರೆ ದೇವರು ಬೇರೆಯಾದರೂ ಹೆಸರು ಒಂದೇ ಇಟ್ಟುಕೊಂಡಿದ್ದಾರೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದರು. ಆ ಜನಾಂಗದಿಂದ ಅಲ್ಲಿಗೆ ಹೋದ ಮೊದಲನೆಯವರು.

ಈಗ ನನ್ನ ಹೆಸರಿನ ಕತೆ. ಹೆಣ್ಣುಮಕ್ಕಳು ಇಲ್ಲಿ ಜಾಸ್ತಿ ಇದ್ದೀರಿ, ನಿಮಗೆ ಬೇಗ ಅರ್ಥವಾಗುತ್ತದೆ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾನು ಹೆಗಡೆ. ಮದುವೆಯಾದ ಮೇಲೆ ಸೇವಾ ಪುಸ್ತಕದಲ್ಲಿ ಭಟ್ಟ. ನಿವೃತ್ತಿಯಾದಾಗ ಪಿಂಚಣಿಯ ಕಾಗದ ಏಳು ತಿಂಗಳು ನಿಂತಿತು. ಎರಡು ಹೆಸರು ಹೊಂದುವುದಿಲ್ಲ ಅಂತ. ಕೊನೆಗೆ ವಕೀಲರ ಹತ್ತಿರ ಹೋಗಿ ಛಾಪಾ ಕಾಗದದ ಮೇಲೆ ಬರೆಸಿದೆ, ‘ಮೇಲ್ಕಂಡ ಇಬ್ಬರೂ ಒಬ್ಬರೇ’ ಅಂತ. ಅರವತ್ತು ವರ್ಷ ಬದುಕಿದ ಮೇಲೆ ನಾನು ನಾನೇ ಅಂತ ಸಹಿ ಹಾಕಿ ಕೊಡಬೇಕಾಯಿತು. ಬಹಳ ನೋವಾಯಿತು. ಸಾಕ್ಷಿಗೆ ಆಧಾರ್ ತೋರಿಸಿದೆ. ಆಧಾರ್ ಶುರುವಾದಾಗ 2009ರಲ್ಲಿ ಅದರ ಮೊದಲ ಅಧ್ಯಕ್ಷರಾಗಿದ್ದವರು ನಂದನ್ ನಿಲೇಕಣಿ. ಅವರ ಮನೆತನದ ಮೂಲ ಶಿರಸಿ. ನೀಲೇಕಣಿ ಇಲ್ಲೇ, ಈ ಊರಲ್ಲೇ ಇದೆ. ನಿಮ್ಮಲ್ಲಿ ಕೆಲವರು ಅಲ್ಲಿಂದಲೇ ಬಂದಿದ್ದೀರಿ.

ಹಳೆಯ ಕನ್ನಡದಲ್ಲಿ ಹೆಗ್ಗಡೆಯ ಹೆಂಡತಿಗೆ ಹೆಗ್ಗಡತಿ ಅನ್ನುತ್ತಿದ್ದರು. ಹೆಂಗಸಿಗೆ ತನ್ನದೇ ಒಂದು ರೂಪ ಇತ್ತು. ಅದು ಎಲ್ಲಿ ಬಿದ್ದುಹೋಯಿತೋ. ನನಗಂತೂ ಆ ಮಾತು ಬಹಳ ಇಷ್ಟ.

ಇಷ್ಟೆಲ್ಲ ಹುಡುಕಲು ನಾನು ಶುರು ಮಾಡಿದ್ದು ಯಾಕೆ ಅಂತ ಹೇಳಿ ಮುಗಿಸುತ್ತೇನೆ. ಅಂಕೋಲೆಯಲ್ಲಿದ್ದಾಗ ಒಂದು ದೀಪಾವಳಿ ರಜೆಗೆ ಮಕ್ಕಳಿಗೆ ಮನೆಗೆಲಸ ಕೊಟ್ಟಿದ್ದೆ. ನಿಮ್ಮ ಅಡ್ಡಹೆಸರು ಎಲ್ಲಿಂದ ಬಂತು, ಅಜ್ಜ ಅಜ್ಜಿಯನ್ನು ಕೇಳಿ ಬರೆದುಕೊಂಡು ಬನ್ನಿ ಅಂತ. ಹೆಚ್ಚಿನವರು ‘ನಮ್ಮ ಹಿರಿಯರಿಂದ ಬಂತು’ ಅಂತ ಒಂದೇ ಸಾಲು ಬರೆದರು. ಒಬ್ಬಳು ಹುಡುಗಿ ಮಾತ್ರ ಒಂದು ಪುಟ ಬರೆದಿದ್ದಳು. ಅವಳ ಅಜ್ಜನಿಗೆ ಅಡ್ಡಹೆಸರೇ ಇರಲಿಲ್ಲವಂತೆ. ಊರಲ್ಲಿ ಹೆಸರು, ಅಪ್ಪನ ಹೆಸರು, ಅಷ್ಟೇ ಸಾಕಾಗುತ್ತಿತ್ತು. ಶಾಲೆಗೆ ಸೇರಿಸಲು ಹೋದಾಗ ಮಾಸ್ತರು ‘ಅಡ್ಡಹೆಸರು?’ ಅಂತ ಕೇಳಿದರು. ಅಜ್ಜನ ಅಪ್ಪ ಏನು ಹೇಳಬೇಕೋ ತಿಳಿಯದೆ ತಲೆ ತಗ್ಗಿಸಿ ನಿಂತರು. ಮಾಸ್ತರು ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಏನೋ ಒಂದು ಬರೆದರು. ಅದೇ ಈಗ ಮನೆಯವರೆಲ್ಲರ ಹೆಸರು.

ನಾನು ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸಿದೆ. ಓದಿ ಮುಗಿಸಿ ಅವಳು ಕೂರಲಿಲ್ಲ. ಪಟ್ಟಿ ಮಡಚಿ ಎದೆಗೆ ಒತ್ತಿಕೊಂಡು ನನ್ನನ್ನೇ ನೋಡಿದಳು.

‘ಅಕ್ಕೋರೇ, ಹಾಗಾದ್ರೆ ಆ ಮಾಸ್ತರಿಗೆ ಹೆಸರು ಬರ್ದುಕೊಟ್ಟೋರು ಯಾರು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತು ಸಂಜೆ ಲೈಬ್ರರಿಗೆ ಹೋಗಿ ಶಾಸನಗಳ ಪುಸ್ತಕ ಕೇಳಿದೆ.